ನಿದ್ರೆಯಲ್ಲಿ ಪಾಲಿಸುವ ನಿಯಮ

ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿಗೆ ಮುನ್ನ ಸಿಗುವ ಊರು ಪುಣಜನೂರು. ಸುತ್ತ ಬಿಳಿಗಿರಿರಂಗನ ಬೆಟ್ಟದ ಸೀಮೆಯ ಕಾಡು. ಗಡಿಯಾಚೆ ಹಾಸನೂರು, ಅದರಾಚೆ ದಿಂಬಂ. ದಿಂಬಂನಿಂದ ಬಣ್ಣಾರಿಯ ತಪ್ಪಲಿಗೆ ಇಳಿಯುವ ಘಟ್ಟದಲ್ಲಿ 27 ಕಡಿದಾದ ತಿರುವುಗಳು. ಈ ಕಡೆಯ ಅರಿಸಿನ ಈರೋಡಿನ ಮಾರುಕಟ್ಟೆಗೆ ಇಳಿಯುವುದು ಈ ತಿರುವುಗಳಲ್ಲಿಯೇ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ದಾರಿಯಲ್ಲಿ ಸ್ವಂತ ಸರಕುಗಾಡಿಯನ್ನು ನಡೆಸಿಕೊಂಡು ಬಂದ ಗೃಹಸ್ಥರೊಬ್ಬರು ಪುಣಜನೂರಿನಲ್ಲಿ ವಾಸವಾಗಿದ್ದಾರೆ. ಮಲೆಯೂರಿನ ಕನಕಗಿರಿ ಕ್ಷೇತ್ರಕ್ಕೆ ನಡೆದುಕೊಳ್ಳುವ ಮನೆತನ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಒಪ್ಪಿಗೆಯಿಲ್ಲ. ಆದುದರಿಂದ ಇಲ್ಲಿ ಅವರು ಬರಿಯ ಗೃಹಸ್ಥರು.

ವ್ರತನಿಯಮಗಳ ವಿಷಯದಲ್ಲಿ ಈ ಗೃಹಸ್ಥರು ಹೆಸರು ಮಾಡಿದವರಲ್ಲ. ಸೂರ್ಯಾಸ್ತದ ಒಳಗೆ ಊಟ ಮುಗಿಸುವುದು, ಗಾಳಿಸಿದ ನೀರು ಕುಡಿಯುವುದು ಮನೆಯ ರೂಢಿಯಿಂದ ಬಂದವು. ಅವನ್ನು ಅವರು ಬಿಟ್ಟವರಲ್ಲ, ಹಿಡಿದೆನೆಂದು ಹೇಳಿಕೊಂಡವರೂ ಅಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸ, ಸಾಮಾಯಿಕ, ಪ್ರತಿಕ್ರಮಣ ಇವೆಲ್ಲ ಅವರ ಧರ್ಮಪತ್ನಿಯ ಪಾಲಿಗೆ ಸೇರಿದ್ದವು. “ಪುಣ್ಯವನ್ನು ನೀನು ಗಳಿಸು, ಅಕ್ಕಿಯನ್ನು ನಾನು ಗಳಿಸುತ್ತೇನೆ” ಎಂದು ಅವರು ನಗುತ್ತಿದ್ದರು. ಅವರ ಗೊರಕೆಯಂತೂ ಬೀದಿಗೆಲ್ಲ ಪರಿಚಿತ. ನೆರೆಹೊರೆಯವರು ಕುಂಭಕರ್ಣನೆಂದು ಕರೆದರೆ ಆಕೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ವಿಮಲಸೂರಿಯ ‘ಪಉಮಚರಿಯ’ದಲ್ಲಿ ಶ್ರೇಣಿಕ ಮಹಾರಾಜನಿಗೆ ಬಂದ ಸಂದೇಹಗಳಲ್ಲಿ ಒಂದು ಇದೇ ಅಲ್ಲವೇ: ಆರು ತಿಂಗಳು ಮಲಗಿ, ಆನೆಗಳು ತುಳಿದರೂ ಏಳದ ಮನುಷ್ಯನಿರಲು ಸಾಧ್ಯವೇ? ಗೌತಮ ಗಣಧರರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಜೈನ ರಾಮಾಯಣದ ಕುಂಭಕರ್ಣ ನಿದ್ರಾಳುವಲ್ಲ. ಗೃಹಸ್ಥರಿಗೆ ಈ ವಾದದಿಂದ ಸಂತೋಷವೇ ಆಗುತ್ತಿತ್ತು. ಗೊರಕೆ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ಎಣಿಸುವುದು ನಮ್ಮ ನಾಡಿನ ಹಳೆಯ ತಪ್ಪು. ಆ ಮನೆಯಲ್ಲಿ ಅದನ್ನು ಮೊದಲು ಗುರುತಿಸಿದವರು ಆ ಗೃಹಿಣಿಯೇ. ಆಕೆಯನ್ನು ಎಚ್ಚರಿಸುತ್ತಿದ್ದುದು ಗೊರಕೆಯ ಸದ್ದಲ್ಲ, ಅದು ಇದ್ದಕ್ಕಿದ್ದಂತೆ ನಿಂತಾಗ ಉಂಟಾಗುತ್ತಿದ್ದ ನಿಶ್ಶಬ್ದ. ಕಾಯೋತ್ಸರ್ಗದ ಕಾಲವನ್ನು ಉಚ್ಛ್ವಾಸಗಳಿಂದ ಅಳೆಯುವ ಪದ್ಧತಿ ನಮ್ಮಲ್ಲಿದೆ. ಒಂದು ಣಮೋಕಾರಕ್ಕೆ ಮೂರು ಉಸಿರು, ಒಂಬತ್ತಕ್ಕೆ 27. (ತಿರುವೂ 27, ಉಸಿರೂ 27 ಎಂದು ಆಕೆ ಹೇಳುವುದುಂಟು, ಅದರಲ್ಲಿ ವಿಶೇಷವೇನೂ ಇಲ್ಲ.) ಪತಿಯ ಉಸಿರು ನಿಂತಾಗ ಭಯದಿಂದ ಆಕೆ ಮಂತ್ರವನ್ನು ಆರಂಭಿಸುತ್ತಿದ್ದರು. ಆಕೆ ತಾನು ಮೂರು ಉಸಿರು ತೆಗೆದು ಒಂದು ಮಂತ್ರವನ್ನು ಮುಗಿಸಿದರೂ ಪಕ್ಕದಿಂದ ಒಂದು ಉಸಿರೂ ಬರುತ್ತಿರಲಿಲ್ಲ. ಕೆಲವೊಮ್ಮೆ ಎರಡನೆಯದೂ ಮುಗಿಯುತ್ತಿತ್ತು. ಆಮೇಲೆ ಮುಳುಗಿದವನು ಮೇಲೆದ್ದಂತೆ ಒಂದು ಏದುಸಿರು, ಮತ್ತೆ ಗೊರಕೆ. ಇದು ಒಂದು ರಾತ್ರಿಯ ಮಾತಲ್ಲ, ವರ್ಷಗಳ ಮಾತು. ಬೆಳಗ್ಗೆ ಹೇಳಿದರೆ ಗೃಹಸ್ಥರು ನಂಬುತ್ತಿರಲಿಲ್ಲ. ಮಲಗಿದವನಿಗೆ ತನ್ನ ಉಸಿರು ನಿಂತದ್ದು ತಿಳಿಯುವುದಾದರೂ ಹೇಗೆ?

2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿಷೇಧ ಬಂದಿತು. ಚಕ್ರಕ್ಕೆ ಸಿಕ್ಕಿ ಸಾಯುವ ವನ್ಯಜೀವಿಗಳ ದೃಷ್ಟಿಯಿಂದ ಇದು ಸ್ವಾಗತಾರ್ಹವಾದ ಆದೇಶವೇ. ಬೆಳಗಿನ ಜಾವದಲ್ಲಿಯೇ ಗಾಡಿಗಳು ಗಡಿಯ ಗೇಟಿನ ಬಳಿ ಸಾಲುಗಟ್ಟತೊಡಗಿದವು. ಗೇಟು ತೆರೆಯುವವರೆಗೆ ಚಾಲಕರು ಕುಳಿತಲ್ಲಿಯೇ ಕಾಯಬೇಕು. ಆ ಕಾಯುವಿಕೆಯಲ್ಲಿ ಗೃಹಸ್ಥರು ನಿಮಿಷದೊಳಗೆ ನಿದ್ರೆಹೋಗುತ್ತಿದ್ದರು. ಹಿಂದಿನ ಗಾಡಿಗಳ ಹಾರನ್ನಿಗೂ ಏಳುತ್ತಿರಲಿಲ್ಲ. ಅದೇ ವರ್ಷ ಒಂದು ಮುಂಜಾನೆ, ಅರಿಸಿನದ ಮೂಟೆಗಳನ್ನು ಹೇರಿಕೊಂಡು ಘಟ್ಟವಿಳಿಯುವಾಗ, ಒಂದು ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದ ಕೈ ಸಡಿಲವಾಯಿತು. ಪಕ್ಕದಲ್ಲಿದ್ದ ಸಹಾಯಕ ಹತ್ತೊಂಬತ್ತು ವರ್ಷದ ಹುಡುಗ, ಮನೆಗೆ ಒಬ್ಬನೇ ದುಡಿಯುವವನು. ಅವನು ಕೂಗಿದ ಕೂಗಿಗೆ ಗೃಹಸ್ಥರು ಕಣ್ಣು ತೆರೆದಾಗ ಮುಂದಿನ ಚಕ್ರ ತಡೆಗೋಡೆಯನ್ನು ಉಜ್ಜುತ್ತಿತ್ತು. ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗೃಹಸ್ಥರು ಮನೆಯಲ್ಲಿ ಈ ಸುದ್ದಿಯನ್ನು ಎತ್ತಲಿಲ್ಲ. ಹುಡುಗ ಹೇಳಿದ.

ಏನೂ ಆಗಲಿಲ್ಲವೆಂಬ ಮಾತಿನ ಮೇಲೆ ಇಲ್ಲಿ ಒಂದು ಕ್ಷಣ ನಿಲ್ಲುವುದು ಉಚಿತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸಿದ್ದಾರೆ. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಸ್ನೇಹ ಎಂದು ಪ್ರಮಾದ ಹದಿನೈದು ಬಗೆ, ನಿದ್ರೆ ಅವುಗಳಲ್ಲೊಂದು. ದರ್ಶನಾವರಣೀಯ ಕರ್ಮದ ಒಂಬತ್ತು ಪ್ರಭೇದಗಳಲ್ಲಿಯೂ ಐದು ನಿದ್ರೆಗೇ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಕುಳಿತವನನ್ನೂ ಅಲುಗಾಡಿಸುವ, ಕಣ್ಣಿನ ಮತ್ತು ಅಂಗಗಳ ವಿಕಾರದಿಂದ ಗೊತ್ತಾಗುವ ತೂಕಡಿಕೆಯೇ ಪ್ರಚಲೆಯೆಂದು ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯ ವಿವರಣೆ. ಕನಕಗಿರಿ ಆ ಪೂಜ್ಯಪಾದರ ನೆನಪಿನೊಡನೆ ಬೆಸೆದುಕೊಂಡ ಬೆಟ್ಟ. ವೈದ್ಯರು ಹೇಳುವ ರೋಗವೂ ಶಾಸ್ತ್ರದ ಪ್ರಚಲೆಯೂ ಒಂದೇ ಎಂದು ಸಾಧಿಸಹೊರಡುವುದು ಅತಿಸಾಹಸವಾದೀತು. ಆದರೆ ಕುಳಿತಲ್ಲೇ ಬರುವ ನಿದ್ರೆಯನ್ನು ಹಿರಿಯರು ಇಷ್ಟು ಸೂಕ್ಷ್ಮವಾಗಿ ಗಮನಿಸಿ ಬೇರೆಯದೇ ಹೆಸರಿಟ್ಟರೆಂಬುದು ಗಮನಾರ್ಹ. ತೂಕಡಿಕೆ ಬರುವುದು ದೋಷವಲ್ಲದಿರಬಹುದು. ಬರುತ್ತದೆಂದು ತಿಳಿದ ಮೇಲೂ ಹತ್ತೊಂಬತ್ತರ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟವಿಳಿಯುವುದು?

ಆ ಪ್ರಶ್ನೆಯನ್ನು ಪತ್ನಿಯೇ ಕೇಳಿದರು. ಗೃಹಸ್ಥರು ಮೈಸೂರಿಗೆ ಹೊರಟರು.

ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ತಲೆ, ಎದೆ, ಬೆರಳುಗಳಿಗೆ ತಂತಿಗಳನ್ನು ಅಂಟಿಸಿ ನಿದ್ರೆಯ ಪರೀಕ್ಷೆಯಾಯಿತು. ಗಂಟೆಗೆ ಸರಾಸರಿ 41 ಬಾರಿ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಕುಗ್ಗುತ್ತಿತ್ತು. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದ ತಡೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ; ಗಂಟೆಗೆ 5ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ರೋಗದ ಹೆಸರು ಸ್ಲೀಪ್ ಆಪ್ನಿಯ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆ ಹಿಂದಕ್ಕೆ ಸರಿದು, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಒಳಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ಎಚ್ಚರಗೊಂಡು ದಾರಿಯನ್ನು ತೆರೆಯುತ್ತದೆ. ಈ ಎಚ್ಚರ ಕ್ಷಣಿಕವಾದುದರಿಂದ ಬೆಳಗ್ಗೆ ನೆನಪಿರುವುದಿಲ್ಲ. ಆದರೆ ರಾತ್ರಿಯೊಂದರಲ್ಲಿ ಮುನ್ನೂರು ಬಾರಿ ಎಬ್ಬಿಸಲ್ಪಟ್ಟವನು ಹಗಲಿನಲ್ಲಿ ತೂಕಡಿಸದೆ ಇನ್ನೇನು ಮಾಡಿಯಾನು? ದಶಪ್ರಾಣಗಳಲ್ಲಿ ಒಂದಾದ ಶ್ವಾಸೋಚ್ಛ್ವಾಸ ಹೀಗೆ ಇರುಳೆಲ್ಲ ಕಳೆದು ಕೂಡಿ, ಕಳೆದು ಕೂಡಿ ನಡೆಯುತ್ತಿತ್ತು.

ಈ ರೋಗಕ್ಕೆ ನಾಲ್ಕು ದಶಕಗಳ ಹಿಂದಿನವರೆಗೂ ಇದ್ದ ಖಚಿತವಾದ ಚಿಕಿತ್ಸೆ ಒಂದೇ: ಕೊರಳಿನಲ್ಲಿ ರಂಧ್ರ ಕೊರೆದು ಉಸಿರಿಗೆ ಬೇರೆ ದಾರಿ ಮಾಡುವುದು. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 1980ರಲ್ಲಿ ಅಂಥ ಶಸ್ತ್ರಕ್ರಿಯೆಯನ್ನು ಬೇಡವೆಂದ ರೋಗಿಯೊಬ್ಬನಿಗೆ ಕಾಲಿನ್ ಸಲಿವನ್ ಎಂಬ ವೈದ್ಯರು ಬೇರೊಂದು ಉಪಾಯವನ್ನು ಪ್ರಯೋಗಿಸಿದರು. ಮೂಗಿನ ಮೂಲಕ ಸತತವಾಗಿ ಮೆಲುಒತ್ತಡದ ಗಾಳಿಯನ್ನು ಹಾಯಿಸಿದರೆ, ಗಾಳಿಯೇ ಊರುಗೋಲಾಗಿ ಗಂಟಲು ಮುಚ್ಚದಂತೆ ಎತ್ತಿಹಿಡಿಯುತ್ತದೆ. ಐವರು ರೋಗಿಗಳ ಅನುಭವ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಮೊದಲ ಕಾಲದ ರೋಗಿಗಳು ಪ್ರತಿರಾತ್ರಿ ಮುಖವಾಡವನ್ನು ಮೂಗಿಗೆ ಅಂಟಿನಿಂದ ಅಂಟಿಸಿಕೊಂಡು, ಅಬ್ಬರದ ಯಂತ್ರದ ಪಕ್ಕದಲ್ಲಿ ಮಲಗಬೇಕಾಗಿತ್ತು. ಮಲಗಿದರು. ಇಂದಿನ ಯಂತ್ರ ಒಂದು ಚಿಕ್ಕ ಡಬ್ಬಿಯಷ್ಟು, ಸದ್ದು ಪಿಸುಮಾತಿನಷ್ಟು. ಸಿಪ್ಯಾಪ್ ಎಂದು ಕರೆಯುತ್ತಾರೆ. ಗೃಹಸ್ಥರಿಗೆ ಗೊತ್ತುಮಾಡಿದ ಒತ್ತಡ ನೀರಿನ 11 ಸೆಂಟಿಮೀಟರು. ಎಂದರೆ ಅಷ್ಟು ಆಳದ ನೀರು ಪಾತ್ರೆಯ ತಳವನ್ನು ಎಷ್ಟು ಒತ್ತುವುದೋ ಅಷ್ಟೇ.

ವೈದ್ಯರು ಎರಡು ಮಾತು ಹೇಳಿದರು. ಯಂತ್ರವನ್ನು ಜೀವನಪರ್ಯಂತ, ಪ್ರತಿರಾತ್ರಿ ಧರಿಸಬೇಕು. ರೋಗ ಹತೋಟಿಗೆ ಬರುವವರೆಗೆ ಗಾಡಿ ಓಡಿಸಬಾರದು.

ಎರಡನೆಯದು ಹೊಟ್ಟೆಗೆ ತಟ್ಟುವ ಮಾತು. ಬದಲಿ ಚಾಲಕನಿಗೆ ಕೂಲಿ ಕೊಟ್ಟು, ಯಂತ್ರದ ಸಾಲ ತೀರಿಸಿ, ಉಳಿಯುವುದೆಷ್ಟು? ಗೃಹಸ್ಥರು ಮೂರು ವಾರಗಳ ಅನಂತರ ವೈದ್ಯರ ಬಳಿಗೆ ಹೋದರು. ದಿನವೂ ಧರಿಸುತ್ತಿರುವುದಾಗಿಯೂ, ತೂಕಡಿಕೆ ಪೂರ್ತಿ ಹೋಗಿರುವುದಾಗಿಯೂ, ಇನ್ನು ಗಾಡಿ ಓಡಿಸಲು ಅನುಮತಿ ಬೇಕೆಂದೂ ಹೇಳಿದರು. ವೈದ್ಯರು ಯಂತ್ರದ ಬೆನ್ನಿನಿಂದ ಬೆರಳಿನ ಉಗುರಿನಷ್ಟು ಚಿಕ್ಕ ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಹಾಕಿದರು. 21 ರಾತ್ರಿಗಳಲ್ಲಿ 9 ರಾತ್ರಿ ಮಾತ್ರ ಯಂತ್ರ ನಡೆದಿತ್ತು. ನಡೆದ ರಾತ್ರಿಗಳಲ್ಲಿಯೂ ಎರಡು ಗಂಟೆ ಮೀರಿರಲಿಲ್ಲ. ಯಂತ್ರವು ಪ್ರತಿ ಉಸಿರಿನ ಲೆಕ್ಕವನ್ನು ಬರೆದಿಡುತ್ತದೆಂಬುದು ಗೃಹಸ್ಥರಿಗೆ ಗೊತ್ತಿರಲಿಲ್ಲ. ಪತ್ನಿ ಪಕ್ಕದಲ್ಲಿ ಕುಳಿತಿದ್ದರು. ಆಕೆಗೆ ಲೆಕ್ಕ ಮೊದಲೇ ಗೊತ್ತಿತ್ತು. ಪತಿ ಸುಳ್ಳು ಹೇಳುತ್ತಾರೆಂಬುದು ಮಾತ್ರ ಗೊತ್ತಿರಲಿಲ್ಲ.

ಅಲ್ಲಿ ವೈದ್ಯರು ನಡೆದುಕೊಂಡ ರೀತಿ ಸ್ಮರಣೀಯವಾದದ್ದು. ಗದರಿಸಲಿಲ್ಲ, ಉಪದೇಶಿಸಲಿಲ್ಲ. “ಎಲ್ಲಿ ನೋಯುತ್ತದೆ?” ಎಂದು ಕೇಳಿದರು. ಆಗ ಒಂದೊಂದಾಗಿ ಹೊರಬಿತ್ತು. ಮುಖವಾಡದ ಅಂಚು ಮೂಗಿನ ಮೇಲೆ ಗಾಯ ಮಾಡಿತ್ತು. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ನಡುರಾತ್ರಿ ಗಂಟಲು ಮರಳಿನಂತೆ ಒಣಗುತ್ತಿತ್ತು. ಹಾಕಿಕೊಂಡ ಕೂಡಲೇ ಯಾರೋ ಬಾಯಿಗೆ ಬಟ್ಟೆ ತುರುಕಿದಂತೆ ದಿಗಿಲಾಗುತ್ತಿತ್ತು. ಅಳತೆ ದೊಡ್ಡದಾಗಿದ್ದ ಮುಖವಾಡವನ್ನು ಬದಲಿಸಿದರು. ಗಾಳಿಗೆ ತೇವ ಸೇರಿಸುವ ನೀರಿನ ಪುಟ್ಟ ತೊಟ್ಟಿಯನ್ನು ಜೋಡಿಸಿದರು. ಒತ್ತಡ ಮೊದಲು ಕಡಿಮೆಯಿದ್ದು ನಿದ್ರೆ ಹತ್ತುತ್ತ ಏರುವಂತೆ ಹೊಂದಿಸಿದರು. ದಿಗಿಲಿಗೆ, ಹಗಲಿನಲ್ಲಿ ಎಚ್ಚರವಿದ್ದಾಗಲೇ ಅರ್ಧ ಗಂಟೆ ಧರಿಸಿ ಕುಳಿತು ರೂಢಿಮಾಡಿಕೊಳ್ಳಲು ಹೇಳಿದರು. ಚಿಕಿತ್ಸೆಯನ್ನು ಬಿಡುವವರನ್ನು ದೃಢತೆಯಿಲ್ಲದವರೆಂದು ಹಳಿಯುವುದು ಬಹು ಸುಲಭ. ಹಳಿಯುವ ಮೊದಲು ಮುಖವಾಡದ ಅಳತೆಯನ್ನು ನೋಡಬೇಕು.

ಅಳತೆ ಸರಿಯಾದ ಮೇಲೂ ಉಳಿದದ್ದು ಆ ‘ಜೀವನಪರ್ಯಂತ’ ಎಂಬ ಮಾತಿನ ಭಾರ. ಬಸ್ಸಿನಲ್ಲಿ ಮರಳುವಾಗ ಗೃಹಸ್ಥರು ತಲೆತಗ್ಗಿಸಿ ಕುಳಿತಿದ್ದರು. ನಂಜನಗೂಡು ದಾಟಿದ ಮೇಲೆ ಪತ್ನಿ ಮಾತನಾಡಿದರು. ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ನಿಯಮಕ್ಕೂ ಯಮಕ್ಕೂ ಭೇದವನ್ನು ಹೇಳುತ್ತಾರೆ: ಬದುಕಿರುವವರೆಗೆ ಹಿಡಿಯುವುದು ಯಮ, ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ಆಕೆ ಗ್ರಂಥದ ಹೆಸರನ್ನೇನೂ ಎತ್ತಲಿಲ್ಲ. “ಜೀವಮಾನದ ಮಾತು ಯಾರಿಗೆ ಬೇಕು? ನಾಳೆ ಅಷ್ಟಮಿ. ಚತುರ್ದಶಿಯವರೆಗೆ ಹಿಡಿಯಿರಿ. ಆ ದಿನ ಬೇಡವೆನಿಸಿದರೆ ಬಿಡಿ” ಎಂದರಷ್ಟೆ.

ಅಷ್ಟಮಿಯಿಂದ ಚತುರ್ದಶಿ, ಚತುರ್ದಶಿಯಿಂದ ಅಷ್ಟಮಿ. ಆಕೆ ಉಪವಾಸ ಹಿಡಿಯುವ ದಿನ ಅವರು ಮುಖವಾಡದ ನಿಯಮವನ್ನು ಮತ್ತೆ ಹಿಡಿಯುತ್ತಿದ್ದರು. ಮೊದಲ ವಾರದಲ್ಲಿ ಬಿದ್ದ ಅಭ್ಯಾಸವೇ ಮುಂದೆ ನಿಲ್ಲುವುದೆಂದು ಈ ಚಿಕಿತ್ಸೆಯನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಗೃಹಸ್ಥರ ಮೊದಲ ವಾರ ಕೆಟ್ಟಿತ್ತು, ಎರಡನೆಯ ಮೊದಲ ವಾರವೊಂದನ್ನು ಅವರಿಗೆ ಪತ್ನಿ ದೊರಕಿಸಿಕೊಟ್ಟರು.

ಆದರೂ ಇದು ಬೇರೆ ನಿಯಮಗಳಂಥದಲ್ಲ. ಉಪವಾಸ ಮಾಡುವವನು ಹಸಿವನ್ನು ನೋಡುತ್ತಿರುತ್ತಾನೆ. ಮೌನ ಹಿಡಿದವನು ನಾಲಗೆಯನ್ನು ಕಾಯುತ್ತಿರುತ್ತಾನೆ. ಇಲ್ಲಿ ನಿಯಮ ಆರಂಭವಾದ ಕೆಲವೇ ನಿಮಿಷಗಳಲ್ಲಿ ನಿಯಮಧಾರಿ ಕಾಣೆಯಾಗುತ್ತಾನೆ. ಎಷ್ಟೋ ಬೆಳಗು ಮುಖವಾಡ ದಿಂಬಿನ ಕೆಳಗೆ ಸಿಗುತ್ತಿತ್ತು. ಯಾವಾಗ ಕಿತ್ತರೋ ಅವರಿಗೇ ತಿಳಿಯದು. ಇದನ್ನು ವ್ರತಭಂಗವೆನ್ನಬೇಕೇ, ಅತಿಚಾರವೆನ್ನಬೇಕೇ? ಬುದ್ಧಿಪೂರ್ವಕವಲ್ಲದ ಲೋಪವನ್ನು ಭಂಗವೆನ್ನುವುದು ನ್ಯಾಯವಲ್ಲ. ಆಕೆ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಎಚ್ಚರವಾದ ಗಳಿಗೆಯಲ್ಲಿ, ಗಂಟೆ ನಾಲ್ಕಾಗಿದ್ದರೂ ಸರಿ, ಮತ್ತೆ ಧರಿಸುವುದು. ಆಯಿತು, ಇಂದಿನ ರಾತ್ರಿ ಹೋಯಿತು ಎಂದುಕೊಳ್ಳುವುದನ್ನು ಮಾತ್ರ ಆಕೆ ಒಪ್ಪುತ್ತಿರಲಿಲ್ಲ.

ಪುಣಜನೂರಿನಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ವಿದ್ಯುತ್ತು. ಮಳೆಗಾಳಿಗೆ ಕಾಡಿನಲ್ಲಿ ಮರ ಉರುಳಿದರೆ, ಆನೆಯೊಂದು ಕಂಬಕ್ಕೆ ಮೈ ಉಜ್ಜಿದರೆ ಊರು ಕತ್ತಲಾಗುತ್ತದೆ. ಗಾಳಿ ನಿಂತ ಯಂತ್ರದ ಮುಖವಾಡದಲ್ಲಿ ಉಸಿರು ಕಟ್ಟಿಬಿಡುವುದಿಲ್ಲ, ಅದರಲ್ಲಿ ಸಣ್ಣ ರಂಧ್ರಗಳಿರುತ್ತವೆ. ಆದರೆ ಸೆಕೆಗೆ ಎಚ್ಚರವಾಗುತ್ತದೆ, ಕೈ ತಾನಾಗಿ ಪಟ್ಟಿಯನ್ನು ಬಿಚ್ಚುತ್ತದೆ. ಗಾಡಿಯ 12 ವೋಲ್ಟಿನ ಬ್ಯಾಟರಿಯಿಂದ ಯಂತ್ರ ನಡೆಸುವ ಜೋಡಣೆಯೊಂದನ್ನು ಗೃಹಸ್ಥರು ತರಿಸಿದರು. ಮಂಚದ ಕೆಳಗೆ ಬ್ಯಾಟರಿ ಬಂದು ಕುಳಿತಿತು. ಈರೋಡಿನಲ್ಲಿ ಗಾಡಿಯಲ್ಲಿಯೇ ತಂಗಬೇಕಾದ ರಾತ್ರಿಗಳಿಗೂ ಅದೇ ಆಸರೆ. ಮೊದಲ ಸಲ ಕಂಡ ಚಾಲಕರು ಆನೆಯ ಸೊಂಡಿಲೆಂದು ನಕ್ಕರು. ಕಾಡಿನ ಊರಿನವರಿಗೆ ಅದು ಹೊಗಳಿಕೆಯೆಂದು ಅವರು ಉತ್ತರ ಕೊಟ್ಟರಂತೆ.

ನೀರಿನ ತೊಟ್ಟಿಯ ಹೊಣೆ ಗೃಹಿಣಿಯದು. ಸಂಜೆ ಹೊಸದಾಗಿ ಶುದ್ಧಜಲ ತುಂಬುವುದು, ಬೆಳಗ್ಗೆ ಉಳಿದದ್ದನ್ನು ಚೆಲ್ಲುವುದು, ಕೊಳವೆಯನ್ನು ತೆಳು ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಹಾಕುವುದು. ತೇವ ನಿಂತಲ್ಲಿ ಜೀವೋತ್ಪತ್ತಿಯೆಂದು ಬಾಲ್ಯದಿಂದ ಕಲಿತು, ನೀರನ್ನು ಬಟ್ಟೆಯಲ್ಲಿ ಗಾಳಿಸದೆ ಮುಟ್ಟದ ಆಕೆಗೆ ಈ ಶುದ್ಧಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಚಿಕಿತ್ಸೆಯಿಂದ ಆಗದಿರುವುದನ್ನೂ ಹೇಳುವುದು ಸತ್ಯಕ್ಕೆ ಸಲ್ಲುವ ಗೌರವ. ಇದು ರೋಗವನ್ನು ಗುಣಪಡಿಸುವುದಿಲ್ಲ. ಒಂದೆರಡು ರಾತ್ರಿ ಬಿಟ್ಟರೆ ಉಸಿರು ಮತ್ತೆ ನಿಲ್ಲತೊಡಗುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳಿಂದ ಇದು ಕಾಪಾಡುವುದೇ ಎಂದು, ಹೃದಯದ ಅಥವಾ ಮಿದುಳಿನ ರಕ್ತನಾಳಗಳ ರೋಗ ಮೊದಲೇ ಇದ್ದ 2717 ಮಂದಿಯನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದರು, ಭಾರತವೂ ಅವುಗಳಲ್ಲಿತ್ತು. 2016ರಲ್ಲಿ ಹೊರಬಂದ ಫಲಿತಾಂಶ ಇಲ್ಲವೆಂದಿತು. ಹಗಲಿನ ತೂಕಡಿಕೆ ತಗ್ಗಿತು, ಮನಸ್ಸು ಹಗುರವಾಯಿತು, ಹೃದಯದ ಆಪತ್ತು ಕಡಿಮೆಯಾಗಲಿಲ್ಲ. ಅವರು ಧರಿಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಹೆಚ್ಚು ಧರಿಸಿದ್ದರೆ ಏನಾಗುತ್ತಿತ್ತೆಂಬ ಚರ್ಚೆ ಮುಂದುವರಿದಿದೆ. ವೈದ್ಯರು ಇದನ್ನು ಗೃಹಸ್ಥರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. “ನನಗೆ ಬೇಕಾದದ್ದು ಘಟ್ಟದಲ್ಲಿ ಕಣ್ಣು ತೆರೆದಿರುವುದು” ಎಂದು ಅವರು ಉತ್ತರಿಸಿದರು. ಮಂತ್ರದಂಡವನ್ನು ನಿರೀಕ್ಷಿಸದವರೇ ಇಂಥ ಚಿಕಿತ್ಸೆಯಲ್ಲಿ ಬಹುಕಾಲ ಉಳಿಯುವರೆಂದು ತೋರುತ್ತದೆ.

ಐದು ತಿಂಗಳು ಕಳೆದ ಮೇಲೆ ಕಾರ್ಡು ತೋರಿಸಿದ ಸರಾಸರಿ ಆರು ಗಂಟೆ. ಉಸಿರಿನ ತಡೆ ಗಂಟೆಗೆ 3. ಅನುಮತಿ ದೊರೆಯಿತು. ಗಾಡಿಯ ಬೀಗದ ಕೈಯನ್ನು ಮತ್ತೆ ಹಿಡಿಯುವ ಮೊದಲು ಗೃಹಸ್ಥರು ಆ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಮುಂದೆ ಆ ಮುಂಜಾನೆಯ ಸಂಗತಿಯನ್ನು ತಾವೇ ಹೇಳಿದರು. ಆ ತಾಯಿಗೆ ಅದುವರೆಗೆ ಏನೂ ತಿಳಿದಿರಲಿಲ್ಲ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಮಗನನ್ನು ಮತ್ತೆ ಕಳಿಸಲು ಒಪ್ಪಲಿಲ್ಲ. ಗೃಹಸ್ಥರು ವಾದಿಸಲಿಲ್ಲ. ಹುಡುಗ ಈಗ ಚಾಮರಾಜನಗರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅರಿಸಿನ ಹೇರುವ ದಿನ ಸಿಕ್ಕರೆ ಮಾತನಾಡಿಸುತ್ತಾನೆ.

ಗೃಹಸ್ಥರು ಇಂದಿಗೂ ಅಷ್ಟಮಿ ಚತುರ್ದಶಿಗಳಿಗೆ ನಿಯಮವನ್ನು ಮತ್ತೆ ಹಿಡಿಯುತ್ತಾರೆ. ಯಮವಾಗಿ ಹಿಡಿಯಿರೆಂದು ಯಾರಾದರೂ ಹೇಳಿದರೆ ತಲೆಯಾಡಿಸಿ ನಗುತ್ತಾರೆ. ಆ ಗೃಹಿಣಿಗೆ ಮಾತ್ರ ಹಳೆಯ ಅಭ್ಯಾಸ ಹೋಗಿಲ್ಲ. ದೀಪವಾರಿದ ಮೇಲೆ, ಯಂತ್ರದ ಮೆಲುಸದ್ದಿನ ನಡುವೆ ಪತಿಯ ಉಸಿರಿಗೆ ಕಿವಿಗೊಟ್ಟು ಣಮೋಕಾರವನ್ನು ಎಣಿಸತೊಡಗುತ್ತಾರೆ. ಒಂಬತ್ತನ್ನು ಮುಟ್ಟಿದ ನೆನಪು ಈಚೆಗೆ ಆಕೆಗಿಲ್ಲ. ನಾಲ್ಕೋ ಐದೋ ಆಗುವಷ್ಟರಲ್ಲಿ ನಿದ್ರೆ ಬಂದುಬಿಡುತ್ತದೆ.